ಊರು ತೋರಿಸುವ ಮೊಬೈಲಿಗೆ ನಮ್ಮೂರು ಗೊತ್ತೇ?

ಮಳೆಗಾಲ ಮುಗಿಯುತ್ತಿದ್ದಂತೆ ಮುಂಬಯಿಯ ಕನ್ನಡ ಸಂಘ-ಸಂಸ್ಥೆಗಳಲ್ಲಿ ವಾರ್ಷಿಕ ಪ್ರವಾಸದ ಮಾತು ಶುರುವಾಗುತ್ತದೆ. ನವರಾತ್ರಿ, ದೀಪಾವಳಿ, ರಾಜ್ಯೋತ್ಸವದ ಕಾರ್ಯಕ್ರಮಗಳ ನಡುವೆಯೇ ಬಿಡುವು ಮಾಡಿಕೊಂಡು ಪ್ರವಾಸ ಸಮಿತಿಯ ಸಭೆ ಕರೆಯಲಾಗುತ್ತದೆ. ಹಿಂದೆಲ್ಲ ಈ ಸಭೆಯಲ್ಲಿ ಹಿರಿಯರ ಮಾತೇ ಕೊನೆಯ ಮಾತು. ಧಾರವಾಡದ ಕಡೆಯವರು ಒಂದು ಊರು ಹೇಳಿದರೆ ಕರಾವಳಿಯವರು ಒಂದು ಕ್ಷೇತ್ರವನ್ನು ಸೂಚಿಸುತ್ತಿದ್ದರು. ಊರಿನ ನೆಂಟರಿಗೆ ಫೋನ್ ಮಾಡಿ ಛತ್ರ, ಊಟದ ವ್ಯವಸ್ಥೆ ವಿಚಾರಿಸಿದರೆ ಅರ್ಧ ಕೆಲಸ ಮುಗಿದಂತೆ.

ಈಗ ಹಾಗಿಲ್ಲ. ಅಧ್ಯಕ್ಷರು ಬಂದು ಕುಳಿತುಕೊಳ್ಳುವ ಮುನ್ನವೇ ಯುವ ವಿಭಾಗದವರು ಮೊಬೈಲ್ ತೆರೆದಿರುತ್ತಾರೆ. 'ನಾಲ್ಕು ದಿನದ ಕರ್ನಾಟಕ ಪ್ರವಾಸ' ಎಂದು ಕೇಳಿದರೆ ಸಾಕು, ಹಂಪಿ, ಕೊಡಗು, ಗೋಕರ್ಣ, ಚಿಕ್ಕಮಗಳೂರು, ಮೈಸೂರು ಎಂದು ಚಿತ್ರಸಮೇತ ಪಟ್ಟಿ ಸಿದ್ಧ. ಇನ್ನೂ ಸೋಜಿಗವೆಂದರೆ ಅದೇ ಕೋಣೆಯಲ್ಲಿ ಕುಳಿತ ಇಬ್ಬರ ಮೊಬೈಲಿನಲ್ಲಿ ಪಟ್ಟಿ ಒಂದೇ ರೀತಿ ಇರಬೇಕೆಂದಿಲ್ಲ. ಒಬ್ಬರಿಗೆ ಜಲಪಾತ ಮೊದಲು, ಇನ್ನೊಬ್ಬರಿಗೆ ದೇವಸ್ಥಾನ ಮೊದಲು. 'ನಿಮಗಾಗಿಯೇ ಆರಿಸಿದ್ದು' ಎಂಬ ಸಾಲು ಮಾತ್ರ ಇಬ್ಬರಿಗೂ ಕಾಣುತ್ತದೆ.

ಈ ಆಯ್ಕೆಯನ್ನು ಮಾಡುವವರು ಯಾರು? ಮೊಬೈಲಿನ ಮಾತನ್ನು ವೇದವಾಕ್ಯವೆಂದು ನಂಬುವವರೂ, 'ಎಲ್ಲ ಜಾಹೀರಾತು ಮಾರಾಯರೇ' ಎಂದು ತಳ್ಳಿಹಾಕುವವರೂ ನಮ್ಮ ಸಂಘಗಳಲ್ಲಿ ಸಮಸಂಖ್ಯೆಯಲ್ಲಿ ಇದ್ದಾರೆ. ಎರಡೂ ಪೂರ್ತಿ ಸರಿಯಲ್ಲ. ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ತಿಳಿದುಕೊಂಡರೆ ಅದರಿಂದ ಏನು ಕೇಳಬೇಕು, ಏನು ಕೇಳಬಾರದು ಎಂಬುದು ಸ್ಪಷ್ಟವಾಗುತ್ತದೆ.

ಹೋಟೆಲ್ ಮಾಣಿಯ ಲೆಕ್ಕ

ಮಾಟುಂಗಾದ ಉಡುಪಿ ಹೋಟೆಲಿನ ಹಳೆಯ ಮಾಣಿಯನ್ನು ನೆನಪಿಸಿಕೊಳ್ಳಿ. ಗಿರಾಕಿಯ ಮುಖ ನೋಡಿದೊಡನೆ ಆತನಿಗೆ ಗೊತ್ತು, ಇವರಿಗೆ ನೀರ್‌ದೋಸೆ ಎಂದು. ನೀರ್‌ದೋಸೆ ಮೆಚ್ಚುವವರು ಸಾಮಾನ್ಯವಾಗಿ ಗೋಳಿಬಜೆಯನ್ನೂ ಕೇಳುತ್ತಾರೆ ಎಂಬುದೂ ಗೊತ್ತು. ಹೊಸಬರು ಬಂದು ನೀರ್‌ದೋಸೆ ತಿಂದರೆ, 'ಗೋಳಿಬಜೆ ಬಿಸಿ ಇದೆ, ತರಲೇ?' ಎಂದು ತಾನಾಗಿ ಕೇಳುತ್ತಾನೆ. ಗಣಕಯಂತ್ರದ ಶಿಫಾರಸು ಪದ್ಧತಿಯ ಮೂಲ ಇಷ್ಟೇ. ಒಂದೇ ಬಗೆಯ ಅಭಿರುಚಿ ಇರುವವರನ್ನು ಗುಂಪು ಹಾಕಿ, ಒಬ್ಬರು ಮೆಚ್ಚಿದ್ದನ್ನು ಇನ್ನೊಬ್ಬರ ಮುಂದಿಡುವುದು.

ಅಮೆರಿಕದ ಝೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದವರು 1992ರಲ್ಲಿ ಈ ಪದ್ಧತಿಗೆ 'ಕೊಲಾಬರೇಟಿವ್ ಫಿಲ್ಟರಿಂಗ್' ಎಂದು ಹೆಸರಿಟ್ಟರು. ಆಗ ಅದರ ಕೆಲಸ ರಾಶಿಬಿದ್ದ ಇ-ಮೇಲ್‌ಗಳಲ್ಲಿ ಬೇಕಾದ್ದನ್ನು ಆರಿಸಿಕೊಡುವುದಾಗಿತ್ತು. 1994ರಲ್ಲಿ ಗ್ರೂಪ್‌ಲೆನ್ಸ್ ಎಂಬ ಯೋಜನೆ ಅದನ್ನು ಅಂತರ್ಜಾಲದ ಸುದ್ದಿ ಬರಹಗಳಿಗೆ ಅನ್ವಯಿಸಿತು. ಮುಂದೆ ಅಮೆಜಾನ್ 'ಇದನ್ನು ಕೊಂಡವರು ಅದನ್ನೂ ಕೊಂಡರು' ಎಂದು ಪುಸ್ತಕ ಮಾರಿದ್ದು ಎಲ್ಲರಿಗೂ ತಿಳಿದ ವಿಷಯ.

ಎರಡನೆಯ ವಿಧಾನದಲ್ಲಿ ಬೇರೆಯವರ ಗೊಡವೆ ಇಲ್ಲ. ನೀವು ಹಿಂದೆ ನೋಡಿದ ಜಾಗದ ಗುಣಗಳನ್ನು ಯಂತ್ರ ಗುರುತು ಹಾಕಿಕೊಳ್ಳುತ್ತದೆ: ಕೋಟೆ, ಬೆಟ್ಟ, ಮಕ್ಕಳಿಗೆ ಅನುಕೂಲ, ಸಸ್ಯಾಹಾರ. ಅಂಥದ್ದೇ ಗುಣವುಳ್ಳ ಮತ್ತೊಂದು ಜಾಗವನ್ನು ಹುಡುಕಿಕೊಡುತ್ತದೆ. ರಾಯಗಡ, ಪ್ರತಾಪಗಡ ನೋಡಿ ಬಂದವರಿಗೆ ಚಿತ್ರದುರ್ಗ ಸೂಚಿಸಿದ ಹಾಗೆ. ಮೂರನೆಯದು ಸಂದರ್ಭದ ಲೆಕ್ಕ. ನೀವು ಈಗ ಎಲ್ಲಿದ್ದೀರಿ, ಗಂಟೆ ಎಷ್ಟು, ಮಳೆ ಬರುತ್ತಿದೆಯೇ, ಆ ಸ್ಥಳ ಈಗ ತೆರೆದಿದೆಯೇ? ಪ್ರವಾಸಿಯ ಕೈಯಲ್ಲೊಂದು ಯಂತ್ರ ಕೊಟ್ಟು, ನಿಂತ ಜಾಗಕ್ಕೆ ತಕ್ಕ ಮಾಹಿತಿ ಒದಗಿಸುವ ಪ್ರಯೋಗಗಳು ಅಮೆರಿಕದ ಜಾರ್ಜಿಯಾ ಟೆಕ್ ಹಾಗೂ ಇಂಗ್ಲೆಂಡಿನ ಲ್ಯಾಂಕಾಸ್ಟರ್‌ನಲ್ಲಿ 1990ರ ದಶಕದಲ್ಲೇ ನಡೆದಿದ್ದವು. ಈಗ ಜೇಬಿನಲ್ಲಿರುವ ಮೊಬೈಲು ಈ ಮೂರನ್ನೂ ಕಲಸಿ ಒಂದು ಪಟ್ಟಿ ಮಾಡುತ್ತದೆ.

ಆದರೆ ಪುಸ್ತಕ, ಸಿನಿಮಾದ ಮಾತು ಬೇರೆ, ಪ್ರವಾಸದ ಮಾತು ಬೇರೆ. ಒಬ್ಬ ಮನುಷ್ಯ ವರ್ಷಕ್ಕೆ ಐವತ್ತು ಸಿನಿಮಾ ನೋಡಬಹುದು. ಆತನ ರುಚಿ ಯಂತ್ರಕ್ಕೆ ಬೇಗ ಸಿಕ್ಕಿಬೀಳುತ್ತದೆ. ದೂರದ ಪ್ರವಾಸ ವರ್ಷಕ್ಕೆ ಒಂದೋ ಎರಡೋ. ಡೊಂಬಿವಲಿಯಿಂದ ಫೋರ್ಟಿಗೆ ಲೋಕಲ್ ರೈಲಿನಲ್ಲಿ ಹೋಗಿಬರುವ, ಭಾನುವಾರ ಮಾಲ್‌ಗೆ, ಮಳೆಗಾಲದಲ್ಲಿ ಒಮ್ಮೆ ಲೋನಾವಳಾಕ್ಕೆ ಹೋಗುವ ನಮ್ಮ ಸದಸ್ಯರ ಬಗ್ಗೆ ಮೊಬೈಲಿಗೆ ತಿಳಿದಿರುವುದು ಅಷ್ಟೇ. ಅವರ ಅಜ್ಜ ರೋಣದ ಕಡೆಯವರು, ಮನೆದೇವರ ದರ್ಶನ ಮಾಡಿ ಹತ್ತು ವರ್ಷವಾಯಿತು, ಮಗಳಿಗೆ ಒಮ್ಮೆ ಆ ಸೀಮೆ ತೋರಿಸಬೇಕು ಎಂಬ ಆಸೆ ಯಾವ ಲೆಕ್ಕದಲ್ಲೂ ದಾಖಲಾಗಿಲ್ಲ.

ಹೀಗೆ ಮಾಹಿತಿ ಸಾಲದೇ ಹೋದಾಗ ಯಂತ್ರ ಏನು ಮಾಡುತ್ತದೆ? ಎಲ್ಲರೂ ಮೆಚ್ಚಿದ್ದನ್ನೇ ನಿಮಗೂ ಕೊಡುತ್ತದೆ. 'ನಿಮಗಾಗಿಯೇ' ಎಂಬ ಪಟ್ಟಿ ಬಹುಮಟ್ಟಿಗೆ 'ಎಲ್ಲರಿಗಾಗಿ' ಎಂಬ ಪಟ್ಟಿಯಾಗುವುದು ಇಲ್ಲಿಯೇ.

ಕಂಡದ್ದೇ ಕಾಣುವುದು

ಪಟ್ಟಿಯ ತುದಿಯಲ್ಲಿರುವ ಜಾಗಕ್ಕೆ ಹೆಚ್ಚು ಜನ ಹೋಗುತ್ತಾರೆ. ಹೋದವರು ಫೋಟೋ ಹಾಕುತ್ತಾರೆ, ನಕ್ಷತ್ರ ಕೊಡುತ್ತಾರೆ. ಅದರಿಂದ ಆ ಜಾಗ ಪಟ್ಟಿಯಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ. ಯಾರೂ ಬರೆಯದ ಊರು ಕೆಳಗೇ ಉಳಿಯುತ್ತದೆ. ಕೆಳಗಿರುವುದರಿಂದ ಯಾರೂ ಹೋಗುವುದಿಲ್ಲ, ಹೋಗದ ಕಾರಣ ಯಾರೂ ಬರೆಯುವುದಿಲ್ಲ. ಗಾಣದ ಎತ್ತಿನ ಹಾಗೆ ಇದೊಂದು ಸುತ್ತು.

ಒಂದೇ ಜಾಗಕ್ಕೆ ಜನ ನುಗ್ಗಿದರೆ ಏನಾಗುತ್ತದೆ ಎಂಬುದನ್ನು ಇತ್ತೀಚಿನ ವರ್ಷಗಳಲ್ಲಿ ನೋಡಿದ್ದೇವೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದಲ್ಲಿ ಚಾರಣಿಗರ ಸಾಲು ಇರುವೆಯ ಸಾಲಿನಂತಾಗಿ, ಆ ಚಿತ್ರಗಳು ನಾಡಿನಾದ್ಯಂತ ಹರಿದಾಡಿದವು. ಬಳಿಕ ಕರ್ನಾಟಕ ಅರಣ್ಯ ಇಲಾಖೆ ಚಾರಣಪಥಗಳಿಗೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು. ಅದಕ್ಕಾಗಿ 'ಅರಣ್ಯ ವಿಹಾರ' ಜಾಲತಾಣ ಅದೇ ವರ್ಷದ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಮದ್ರಾಸ್ ಹೈಕೋರ್ಟಿನ ಆದೇಶದಂತೆ ಊಟಿ, ಕೊಡೈಕೆನಾಲ್‌ಗೆ 2024ರ ಮೇ 7ರಿಂದ ಇ-ಪಾಸ್ ಬಂತು. ಇಟಲಿಯ ವೆನಿಸ್ ನಗರವೂ ಅದೇ ಏಪ್ರಿಲ್‌ನಲ್ಲಿ ಕೆಲವು ದಿನಗಳಂದು ಹಗಲು ಬಂದು ಹೋಗುವವರ ಮೇಲೆ 5 ಯೂರೋ ಪ್ರವೇಶ ಶುಲ್ಕ ಹಾಕಿತು. ಇದೆಲ್ಲ ಮೊಬೈಲೊಂದರ ಕರಾಮತ್ತು ಎನ್ನಲಾಗದು. ಜನರ ಕೈಯಲ್ಲಿ ದುಡ್ಡು, ಕಾರು, ರಜೆ ಎಲ್ಲ ಹೆಚ್ಚಿದೆ. ಆದರೆ ಎಲ್ಲರ ಕೈಯಲ್ಲಿಯೂ ಒಂದೇ ಪಟ್ಟಿ ಇದ್ದರೆ ಎಲ್ಲರ ಕಾರೂ ಒಂದೇ ರಸ್ತೆಗೆ ತಿರುಗುತ್ತದೆ.

ಇತ್ತ ಗದಗ ಸೀಮೆಯನ್ನು ನೋಡಿ. ಲಕ್ಕುಂಡಿಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯವಿದೆ. ಸನಿಹದ ಡಂಬಳದಲ್ಲಿ ನಕ್ಷತ್ರದಂತೆ ಮೂಲೆಮೂಲೆಯಾಗಿ ತಿರುಗುವ ದೊಡ್ಡಬಸಪ್ಪ ದೇವಾಲಯ, ಕುಕನೂರಿನಲ್ಲಿ ನವಲಿಂಗ ದೇವಾಲಯ. ಅಲ್ಲಿಂದ ಕೂಗಳತೆ ಎನ್ನಬಹುದಾದ ದೂರದಲ್ಲಿ ಇಟಗಿ. ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಇಲ್ಲಿನ ಗುಡಿಯನ್ನು ಅಲ್ಲಿನ ಶಾಸನ 'ದೇವಾಲಯ ಚಕ್ರವರ್ತಿ' ಎಂದೇ ಕರೆದಿದೆ. ಗದಗದಿಂದ ಹಂಪಿಗೆ ಹೋಗುವವರು ಸ್ವಲ್ಪ ಒಳಹೊಕ್ಕರೆ ಸಿಗುವ ಈ ಚಕ್ರವರ್ತಿ ಹಂಪಿಯಷ್ಟು ಸುಲಭವಾಗಿ ಪಟ್ಟಿಯ ಮೇಲೆ ಬರುವುದಿಲ್ಲ. ಕಲಬುರಗಿ ಜಿಲ್ಲೆಯ ಸನ್ನತಿ-ಕನಗನಹಳ್ಳಿಯಲ್ಲಿ 'ರಾಯ ಅಶೋಕ' ಎಂದು ಹೆಸರು ಕೆತ್ತಿದ ಅಶೋಕ ಚಕ್ರವರ್ತಿಯ ಶಿಲ್ಪವೇ ದೊರೆತಿದೆ. ಮುಂಬಯಿಯಿಂದ ಬೆಂಗಳೂರಿಗೆ ಹೋಗುವ ಉದ್ಯಾನ ಎಕ್ಸ್‌ಪ್ರೆಸ್ ದಿನನಿತ್ಯ ಆ ಜಿಲ್ಲೆಯ ಮೂಲಕವೇ ಹಾದುಹೋಗುತ್ತದೆ. ರೈಲಿನಲ್ಲಿ ಮೊಬೈಲ್ ಒತ್ತುತ್ತಾ ಕುಳಿತ ನಮ್ಮವರಲ್ಲಿ ಎಷ್ಟು ಮಂದಿಗೆ ಅದು ಸನ್ನತಿಯ ಹೆಸರು ಹೇಳೀತು?

ಹೆಸರಿನ ತೊಡಕು ಬೇರೆ. ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ವರು ನಾಲ್ಕು ರೀತಿ ಬರೆದರೆ ಅಭಿಪ್ರಾಯಗಳೂ ನಾಲ್ಕು ಕಡೆ ಹಂಚಿಹೋಗುತ್ತವೆ. ಇಟಗಿ ಎಂಬ ಊರು ಒಂದೇ ಅಲ್ಲ; ಕೊಪ್ಪಳ ಜಿಲ್ಲೆಯದೇ ಎಂದು ನೋಡಿಕೊಳ್ಳದಿದ್ದರೆ ಬಸ್ಸು ಬೇರೆ ಇಟಗಿಗೆ ಹೋಗಿ ನಿಂತೀತು. ಗೂಗಲ್ ಸಂಸ್ಥೆ 2021ರಲ್ಲಿ ಕನ್ನಡವೂ ಸೇರಿದಂತೆ ಹತ್ತು ಭಾರತೀಯ ಭಾಷೆಗಳ ಲಿಪಿಯಲ್ಲಿ ಸ್ಥಳನಾಮಗಳನ್ನು ಹುಡುಕುವ ಅನುಕೂಲವನ್ನು ಹೆಚ್ಚಿಸಿದ್ದು ಒಳ್ಳೆಯ ಹೆಜ್ಜೆ. ಹೆಸರು ಸಿಕ್ಕರೂ ಅಲ್ಲಿಗೆ ಹೋದವರು ಏನೂ ಬರೆಯದಿದ್ದರೆ ಯಂತ್ರಕ್ಕೆ ಹೇಳಲು ಏನೂ ಇರುವುದಿಲ್ಲ.

ನಮ್ಮ ಮಟ್ಟಿಗೆ ಚಿಂತೆಯ ವಿಷಯ ಇಲ್ಲಿದೆ. ಮುಂಬಯಿಯಲ್ಲಿ ಹುಟ್ಟಿ ಬೆಳೆದ ಮೂರನೆಯ ತಲೆಮಾರಿಗೆ ಅಜ್ಜಿ ಮನೆಯ ರಜೆ ತಪ್ಪಿದೆ. ಹಲವರ ಊರಿನ ಮನೆಗೆ ಬೀಗ ಬಿದ್ದಿದೆ, ಕೆಲವರದ್ದು ಪಾಲಾಗಿ ಮಾರಾಟವಾಗಿದೆ. ಆ ಮಕ್ಕಳಿಗೆ ಕರ್ನಾಟಕವೆಂದರೆ ಇನ್ನು ಮುಂದೆ ಸಂಘದ ಪ್ರವಾಸ, ಇಲ್ಲವೇ ಮೊಬೈಲು ತೋರಿಸಿದ ಐದಾರು ಊರು. ಸಂಘದ ಪ್ರವಾಸವನ್ನೂ ಮೊಬೈಲೇ ನಿಶ್ಚಯಿಸುವುದಾದರೆ ಉಳಿಯುವುದು ಬರೀ ಐದಾರು ಊರು.

ನಲವತ್ತೈದು ಮಂದಿ, ಒಂದು ಬಸ್ಸು

ಮೊಬೈಲಿನ ಶಿಫಾರಸು ಒಬ್ಬ ಯಜಮಾನನಿಗೆ. ನಮ್ಮ ಬಸ್ಸಿನಲ್ಲಿ ನಲವತ್ತೈದು ಮಂದಿ. ಮೊಣಕಾಲು ನೋವಿನ ಹಿರಿಯರು, ಎರಡು ಗಂಟೆಗೊಮ್ಮೆ ಹಸಿವೆನ್ನುವ ಮಕ್ಕಳು, ಸೆಲ್ಫಿಗೆ ಬೆಟ್ಟದ ತುದಿಯೇ ಬೇಕೆನ್ನುವ ಕಾಲೇಜು ಹುಡುಗರು, ಏಕಾದಶಿ ಉಪವಾಸದವರು, ಮೀನಿಲ್ಲದೆ ಊಟ ಸೇರದವರು. ಯಾರ ಮೊಬೈಲಿನ ಪಟ್ಟಿಯನ್ನು ಒಪ್ಪಬೇಕು?

ಈ ಪ್ರಶ್ನೆಯನ್ನು ಸಂಶೋಧಕರೂ ಕೈಗೆತ್ತಿಕೊಂಡಿದ್ದಾರೆ. ಇಟಲಿಯ ಟುರಿನ್ ವಿಶ್ವವಿದ್ಯಾಲಯದ ಲಿಲಿಯಾನಾ ಅರ್ಡಿಸೋನೊ ಮತ್ತು ಸಂಗಡಿಗರು 'ಇಂಟ್ರಿಗ್' ಎಂಬ ವ್ಯವಸ್ಥೆಯ ವಿವರವನ್ನು 2003ರಲ್ಲಿ ಪ್ರಕಟಿಸಿದರು. ಟುರಿನ್ ಸುತ್ತಮುತ್ತಲ ಸ್ಥಳಗಳನ್ನು ಪ್ರವಾಸಿ ತಂಡಗಳಿಗೆ ಸೂಚಿಸುವುದು ಅದರ ಉದ್ದೇಶ. ಅದು ಇಡೀ ತಂಡವನ್ನು ಒಂದೇ ಮುದ್ದೆಯಾಗಿ ನೋಡುವುದಿಲ್ಲ. ಮಕ್ಕಳು, ದೊಡ್ಡವರು, ನಡೆದಾಡಲು ಕಷ್ಟವಿರುವವರು ಎಂದು ಉಪತಂಡ ಮಾಡಿ, ಯಾರ ಅಗತ್ಯಕ್ಕೆ ಹೆಚ್ಚು ತೂಕ ಕೊಡಬೇಕೆಂದು ನೋಡುತ್ತದೆ. ಒಂದು ಸ್ಥಳವನ್ನು ಸೂಚಿಸುವಾಗ ಮಕ್ಕಳಿಗೆ ಇದು ಏಕೆ ಹಿಡಿಸೀತು, ದೊಡ್ಡವರಿಗೆ ಏಕೆ ಎಂದು ಬೇರೆಬೇರೆಯಾಗಿ ಕಾರಣ ಹೇಳುತ್ತದೆ. ನಮ್ಮ ಪ್ರವಾಸ ಕಾರ್ಯದರ್ಶಿಗಳು ಫೋನಿನಲ್ಲಿ ಮಾಡುವುದೂ ಇದನ್ನೇ ಅಲ್ಲವೇ? 'ಅಮ್ಮಾ, ಅಲ್ಲಿ ಬಸ್ಸು ಬಾಗಿಲ ತನಕ ಹೋಗುತ್ತದೆ, ನಿಮಗೆ ತೊಂದರೆ ಇಲ್ಲ' ಎಂದು ಒಬ್ಬರಿಗೆ, 'ಸಂಜೆ ಬೀಚ್ ಇದೆಯೋ' ಎಂದು ಅವರ ಮೊಮ್ಮಗನಿಗೆ.

ಜೂಡಿತ್ ಮಾಸ್ತಾಫ್ ಎಂಬ ಸಂಶೋಧಕಿ ಗುಂಪಿನ ಅಭಿರುಚಿಗಳನ್ನು ಕೂಡಿಸುವ ಹಲವು ವಿಧಾನಗಳನ್ನು 2004ರಲ್ಲಿ ಹೋಲಿಸಿ ನೋಡಿದರು. ಇದನ್ನು ಒಂದು ಕಾಲ್ಪನಿಕ ಲೆಕ್ಕದಲ್ಲಿ ವಿವರಿಸುವುದು ಸುಲಭ. ಇಬ್ಬರು ಯುವಕರು, ಒಬ್ಬ ಹಿರಿಯರು. ಕೊಡಚಾದ್ರಿಗೆ ಯುವಕರು ತಲಾ 10 ಅಂಕ ಕೊಟ್ಟರು. ಜೀಪಿನ ಕುಲುಕಾಟ, ಏರು ಹತ್ತುವುದು ನೆನೆದು ಹಿರಿಯರು 2 ಕೊಟ್ಟರು. ಲಕ್ಕುಂಡಿಗೆ ಮೂವರೂ 7 ಕೊಟ್ಟರು. ಸರಾಸರಿ ತೆಗೆದರೆ ಕೊಡಚಾದ್ರಿಗೆ 7.33, ಲಕ್ಕುಂಡಿಗೆ 7. ಕೊಡಚಾದ್ರಿ ಗೆದ್ದಿತು, ಹಿರಿಯರು ಜೀಪಿನಲ್ಲಿ ಸೊಂಟ ಹಿಡಿದು ಕುಳಿತರು. ಇನ್ನೊಂದು ವಿಧಾನದಲ್ಲಿ ಅತ್ಯಂತ ಕಡಿಮೆ ಅಂಕವನ್ನಷ್ಟೇ ನೋಡುವುದು, ಅಂದರೆ ಯಾರಿಗೂ ಹೆಚ್ಚು ಸಂಕಟವಾಗಬಾರದು ಎಂಬ ನಿಯಮ. ಆಗ ಕೊಡಚಾದ್ರಿಗೆ 2, ಲಕ್ಕುಂಡಿಗೆ 7. ಲಕ್ಕುಂಡಿಯೇ ಸರಿ.

ಈ ಎರಡನೆಯ ನಿಯಮಕ್ಕೂ ಒಂದು ಕೊರತೆ ಇದೆ. ಎಲ್ಲದಕ್ಕೂ ಸೊನ್ನೆ ಕೊಡುವ ಒಬ್ಬ ಸದಸ್ಯರಿದ್ದರೆ ಪ್ರವಾಸವೇ ಹೊರಡುವುದಿಲ್ಲ. (ಅಂಥವರು ಯಾವ ಸಮಿತಿಯಲ್ಲಿ ಇಲ್ಲ?) ಆದ್ದರಿಂದ ಮೂರನೆಯ ದಾರಿ: ಯಾರಿಗಾದರೂ ತೀರಾ ಕಷ್ಟವಾಗುವ ಜಾಗಗಳನ್ನು ಮೊದಲೇ ಪಟ್ಟಿಯಿಂದ ತೆಗೆದು, ಉಳಿದವುಗಳಲ್ಲಿ ಸರಾಸರಿ ನೋಡುವುದು. ಇದಕ್ಕೆ ಗಣಕಯಂತ್ರವೂ ಬೇಡ. ಸದಸ್ಯರಿಗೆ ಒಂದು ಚೀಟಿ ಹಂಚಿ, 'ಖಂಡಿತ ಆಗದು' ಎಂಬ ಜಾಗಕ್ಕೆ ಗುರುತು ಹಾಕಿಸಿ, ಉಳಿದವಕ್ಕೆ ಅಂಕ ಕೊಡಿಸಿದರೆ ಅರ್ಧ ಗಂಟೆಯ ಕೆಲಸ. ಜೋರಾಗಿ ಮಾತಾಡುವವರ ಊರೇ ಗೆಲ್ಲುವ ನಮ್ಮ ಈಗಿನ ಪದ್ಧತಿಗಿಂತ ಇದು ನ್ಯಾಯವಾದದ್ದು ಎಂದೇ ಈ ಲೇಖಕನ ಅಭಿಪ್ರಾಯ. ಸುಮ್ಮನೆ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುವ ಮಹಿಳಾ ಸದಸ್ಯೆಯರ ಅಂಕವೂ ಆಗ ಲೆಕ್ಕಕ್ಕೆ ಬರುತ್ತದೆ.

ಜಾಗ ಆರಿಸಿದ ಮೇಲೆ ಸಮಯದ ಜೋಡಣೆ. ಇರುವ ಗಂಟೆಗಳಲ್ಲಿ ಹೆಚ್ಚು ತೃಪ್ತಿ ಕೊಡುವ ಸ್ಥಳಗಳನ್ನು ಆರಿಸಿ ದಾರಿ ಹೊಂದಿಸುವುದು ಗಣಿತದಲ್ಲಿ ಹೆಸರುವಾಸಿಯಾದ ಕಠಿಣ ಸಮಸ್ಯೆ. ಇಲ್ಲಿ ಯಂತ್ರ ಮನುಷ್ಯರಿಗಿಂತ ಚುರುಕು, ಒಪ್ಪಲೇಬೇಕು. ಆದರೆ ಅದಕ್ಕೆ ಸರಿಯಾದ ಮಾಹಿತಿ ಬೇಕು. ಮಧ್ಯಾಹ್ನ ಗರ್ಭಗುಡಿಯ ಬಾಗಿಲು ಹಾಕುವ ದೇವಸ್ಥಾನಗಳೆಷ್ಟೋ. ಪುರಾತತ್ವ ಇಲಾಖೆಯ ವಸ್ತು ಸಂಗ್ರಹಾಲಯಗಳಿಗೆ ಶುಕ್ರವಾರ ರಜೆ. ಇವನ್ನೆಲ್ಲ ಒಂದು ಫೋನ್ ಮಾಡಿ ದೃಢಪಡಿಸಿಕೊಳ್ಳುವುದು ಒಳ್ಳೆಯದು.

ನಕ್ಷತ್ರಗಳ ನಂಬಿಕೆ

ನಕ್ಷತ್ರ ಹೆಚ್ಚಿದ್ದರೆ ಜಾಗ ಚೆನ್ನಾಗಿರಲೇಬೇಕೇ? 2017ರಲ್ಲಿ ಲಂಡನ್ನಿನ ಊಬಾ ಬಟ್ಲರ್ ಎಂಬ ಪತ್ರಕರ್ತ ತನ್ನ ಮನೆಯ ಹಿತ್ತಲಿನ ಶೆಡ್ಡನ್ನು ರೆಸ್ಟೋರೆಂಟ್ ಎಂದು ಟ್ರಿಪ್ ಅಡ್ವೈಸರ್‌ನಲ್ಲಿ ನೋಂದಾಯಿಸಿದ. ಸುಳ್ಳು ಅಭಿಪ್ರಾಯಗಳ ಬಲದಿಂದ, ಒಂದು ತಟ್ಟೆ ಊಟವನ್ನೂ ಬಡಿಸದೆ, ಅದು ಲಂಡನ್ನಿನ ಮೊದಲ ಸ್ಥಾನಕ್ಕೇರಿತು! ನಮ್ಮಲ್ಲಿ ಇಂಥದ್ದನ್ನು ತಡೆಯಲು ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಆನ್‌ಲೈನ್ ಅಭಿಪ್ರಾಯಗಳಿಗೆ ಐಎಸ್ 19000 ಎಂಬ ಮಾನದಂಡ ರೂಪಿಸಿತು. ದುಡ್ಡು ಕೊಟ್ಟು ಮೇಲೆ ಬಂದ ಹೋಟೆಲುಗಳ ಪಕ್ಕದಲ್ಲಿ ಸಣ್ಣಕ್ಷರದಲ್ಲಿ 'ಪ್ರಾಯೋಜಿತ' ಎಂದು ಇರುತ್ತದೆ. ಕನ್ನಡಕ ಹಾಕಿಕೊಂಡು ಓದಬೇಕು.

ಕೃತಕ ಬುದ್ಧಿಮತ್ತೆ ಬಂದ ಮೇಲೆ ಎಚ್ಚರ ಇನ್ನಷ್ಟು ಅಗತ್ಯ. ಕೇಳಿದೊಡನೆ ಅದು ನಾಲ್ಕು ದಿನದ ಕಾರ್ಯಕ್ರಮವನ್ನು ಅಚ್ಚುಕಟ್ಟಾಗಿ ಬರೆದುಕೊಡುತ್ತದೆ, ಕನ್ನಡದಲ್ಲಿಯೂ ಕೂಡ. ಆದರೆ ಇಲ್ಲದ ಜಾಗವನ್ನು ಇದೆ ಎನ್ನುವುದೂ ಉಂಟು. 2025ರಲ್ಲಿ ಮಲೇಷ್ಯಾದಲ್ಲಿ ವೃದ್ಧ ದಂಪತಿಯೊಂದು ವಿಡಿಯೋದಲ್ಲಿ ಕಂಡ ಕೇಬಲ್ ಕಾರ್ ಹತ್ತಲು ಕೌಲಾಲಂಪುರದಿಂದ ಪೆರಾಕ್ ರಾಜ್ಯದವರೆಗೆ ಹೋಗಿ ಬೇಸ್ತುಬಿದ್ದ ಸುದ್ದಿ ಬಂದಿತ್ತು. ಅಲ್ಲಿ ಕೇಬಲ್ ಕಾರೂ ಇರಲಿಲ್ಲ, ವಿಡಿಯೋದಲ್ಲಿ ಸುದ್ದಿ ಹೇಳಿದ ಹೆಣ್ಣುಮಗಳೂ ಇರಲಿಲ್ಲ. ಎಲ್ಲವೂ ಯಂತ್ರ ಸೃಷ್ಟಿ. ಹಿರಿಯ ನಾಗರಿಕರು ಇದನ್ನು ಓದಿ ಮೊಮ್ಮಕ್ಕಳಿಗೂ ಹೇಳುವುದು ಲೇಸು.

ನಮ್ಮ ಕಪಾಟಿನಲ್ಲಿರುವ ಮಾಹಿತಿ

ಹೀಗಿರುವಾಗ ಸಂಘಗಳು ಏನು ಮಾಡಬಹುದು? ಯಂತ್ರಕ್ಕೆ ಇಲ್ಲದ ಮಾಹಿತಿ ನಮ್ಮಲ್ಲಿ ರಾಶಿ ಇದೆ. ಬೀದರಿನಿಂದ ಸುಳ್ಯದ ತನಕ ಎಲ್ಲ ಜಿಲ್ಲೆಯವರೂ ಒಂದೇ ಸಭಾಗೃಹದಲ್ಲಿ ಸೇರುವುದು ಹೊರನಾಡ ಸಂಘಗಳ ಭಾಗ್ಯ. ದಶಕಗಳಿಂದ ನಡೆದ ಪ್ರವಾಸಗಳ ಲೆಕ್ಕಪತ್ರ, ಸ್ಮರಣ ಸಂಚಿಕೆಯ ಲೇಖನ, ಆಲ್ಬಮ್ಮುಗಳು ಕಚೇರಿಯ ಕಪಾಟಿನಲ್ಲಿ ಧೂಳು ತಿನ್ನುತ್ತಿವೆ. ಯಾವ ಊರಿನಲ್ಲಿ ಬಸ್ಸು ಎಲ್ಲಿ ನಿಲ್ಲುತ್ತದೆ, ಮೆಟ್ಟಿಲು ಎಷ್ಟು, ಹೆಂಗಸರಿಗೆ ಶೌಚಾಲಯ ಇದೆಯೇ, ನಲವತ್ತು ಜನಕ್ಕೆ ಹೇಳಿದರೆ ಊಟ ಮಾಡಿಕೊಡುವವರು ಯಾರು ಎಂಬುದನ್ನು ಒಂದು ವಹಿಯಲ್ಲಿ ಬರೆದಿಟ್ಟರೆ ಮುಂದಿನ ಸಮಿತಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಅದರಲ್ಲಿ ಎಲ್ಲರಿಗೂ ಉಪಯೋಗವಾಗುವ ಭಾಗವನ್ನು ನಕ್ಷೆಯ ತಾಣಗಳಲ್ಲಿ ಕನ್ನಡದಲ್ಲಿಯೇ ಹಾಕಬಹುದು. ಇಟಗಿಗೆ ಹೋಗಿಬಂದ ಒಂದು ಬಸ್ಸಿನ ಜನ ತಲಾ ನಾಲ್ಕು ಸಾಲು ನಿಜವಾದ ಅನುಭವ ಬರೆದರೂ, ಬೆರಳೆಣಿಕೆಯ ಅಭಿಪ್ರಾಯಗಳಿರುವ ಊರಿನ ಲೆಕ್ಕ ಬದಲಾಗುತ್ತದೆ. ಹೋಗದವರು ಬರೆಯಬಾರದು, ಒಬ್ಬರು ಬರೆದದ್ದನ್ನೇ ಎಲ್ಲರೂ ನಕಲು ಮಾಡಬಾರದು. ಅದು ಲಂಡನ್ನಿನ ಶೆಡ್ಡಿನ ದಾರಿ. 'ಚೆನ್ನಾಗಿದೆ' ಎಂದಷ್ಟೇ ಬರೆದರೆ ಯಾರಿಗೂ ಪ್ರಯೋಜನವಿಲ್ಲ. 'ಗಾಲಿಕುರ್ಚಿ ಎಲ್ಲಿಯ ತನಕ ಹೋಗುತ್ತದೆ' ಎಂದು ಬರೆದರೆ ಹೈದರಾಬಾದಿನ, ದೆಹಲಿಯ ಇನ್ನೊಂದು ಸಂಘದವರಿಗೂ ನೆರವಾಗುತ್ತದೆ. ಕನ್ನಡ ಟೈಪಿಂಗ್ ಬಾರದವರು ಮೊಬೈಲಿಗೆ ಮಾತಿನಲ್ಲಿ ಹೇಳಿದರೂ ಅದು ಬರೆದುಕೊಳ್ಳುತ್ತದೆ. ಈ ಕೆಲಸಕ್ಕೆ ಯುವ ವಿಭಾಗದವರೇ ತಕ್ಕವರು. ಅಜ್ಜಿಯ ಬಾಯಿಂದ ಊರಿನ ಕಥೆ ಕೇಳಿ ಬರೆಯುವಾಗ ಇಬ್ಬರಿಗೂ ಹೊತ್ತು ಹೋಗುತ್ತದೆ.

ಸದಸ್ಯರ ಹೆಸರು, ಫೋನ್ ನಂಬರು, ಆಧಾರ್ ಪ್ರತಿಗಳನ್ನು ಸಿಕ್ಕಸಿಕ್ಕ ಪ್ರವಾಸಿ ಆ್ಯಪ್‌ಗಳಿಗೆ ತುಂಬುವ ಮುನ್ನ ಮಾತ್ರ ಕಾರ್ಯದರ್ಶಿಗಳು ಯೋಚಿಸಬೇಕು. ವೈಯಕ್ತಿಕ ಮಾಹಿತಿ ರಕ್ಷಣೆಗೆ ದೇಶದಲ್ಲಿ 2023ರಲ್ಲಿ ಕಾಯ್ದೆಯೇ ಬಂದಿದೆ. ಮೊಬೈಲು ನಮ್ಮ ಓಡಾಟದ ದಾಖಲೆ ಇಟ್ಟುಕೊಳ್ಳುವುದನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಲೂಬಹುದು. ನಿಲ್ಲಿಸಿದರೆ ಶಿಫಾರಸು ಇನ್ನಷ್ಟು ಸಾಮಾನ್ಯವಾಗುತ್ತದೆ, ಅಷ್ಟೇ.

ಈ ಸಲ ಡಿಸೆಂಬರ್ ರಜೆಗೆ ಉತ್ತರ ಕರ್ನಾಟಕದ ಕಡೆ ಮನಸ್ಸು ಮಾಡುವವರಿಗೆ ಒಂದು ಸೂಚನೆ. ಮುಂಬಯಿಯಿಂದ ಸೊಲ್ಲಾಪುರ, ವಿಜಯಪುರ, ಬಾಗಲಕೋಟೆ ಮಾರ್ಗವಾಗಿ ಗದಗಕ್ಕೆ ನೇರ ರೈಲು ಇದೆ. 2024ರ ನವೆಂಬರ್ 1ರಿಂದ ರೈಲ್ವೆ ಮುಂಗಡ ಬುಕಿಂಗ್ ಅವಧಿ 120 ದಿನಗಳಿಂದ 60 ದಿನಗಳಿಗೆ ಇಳಿದಿದೆ. ಕ್ರಿಸ್ಮಸ್ ವಾರದಲ್ಲಿ ಹೊರಡುವವರು ಅಕ್ಟೋಬರ್ ಮೂರನೆಯ ವಾರದೊಳಗೆ ಊರು ನಿಶ್ಚಯಿಸಿ, ಹೆಸರುಗಳ ಪಟ್ಟಿ ಸಿದ್ಧಪಡಿಸಿಟ್ಟುಕೊಂಡರೆ ನಲವತ್ತು ಸೀಟು ಒಟ್ಟಿಗೆ ಸಿಗುವ ಸಂಭವ ಹೆಚ್ಚು.